ಇಪ್ಪತ್ನಾಲ್ಕು ಮೇಣದಬತ್ತಿಗಳ ಬಂಡಿಚಕ್ರ

2020ರ ನವೆಂಬರ್ 29, ಭಾನುವಾರ. ಸಂಜೆ ಏಳರ ಸುಮಾರಿಗೆ ಮೇಲಿನ ಮನೆಯ ಬಾಯಮ್ಮ ಬಾಗಿಲು ತಟ್ಟಿದರು. ಬಾಯಿಗೆ ಮಾಸ್ಕು, ಕೈಯಲ್ಲಿ ಖಾಲಿ ಲೈಟರು. "ಭಟ್ರೆ, ಬೆಂಕಿಪೊಟ್ಟಣ ಉಂಟಾ? ಇವತ್ತು ಮೊದಲನೇ ಕ್ಯಾಂಡಲ್ ಹಚ್ಚಬೇಕು." ಎಂಟು ತಿಂಗಳಿನಿಂದ ಯಾರೂ ಯಾರ ಮನೆಯ ಒಳಗೂ ಹೋಗದ ಕಾಲ ಅದು. ಆದರೂ ಯಾಕೋ ನಾನೇ ಪೊಟ್ಟಣ ಹಿಡಿದು ಮೇಲೆ ಹೋದೆ, ಬಾಗಿಲಲ್ಲೇ ನಿಂತು ನೋಡಿದೆ.

ಮಲಾಡಿನ ಈ ಕಟ್ಟಡದಲ್ಲಿ ನಾವು ಇಪ್ಪತ್ತಾರು ವರ್ಷಗಳಿಂದ ಒಬ್ಬರ ತಲೆಯ ಮೇಲೆ ಒಬ್ಬರು ವಾಸವಾಗಿದ್ದೇವೆ. ಬಾಯಮ್ಮ ಮೂಲತಃ ಕಾರ್ಕಳದ ಕಡೆಯವರು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷು, ನಮ್ಮ ಜೊತೆ ಅಪ್ಪಟ ದಕ್ಷಿಣ ಕನ್ನಡದ ಕನ್ನಡ. ಪ್ರತಿ ಡಿಸೆಂಬರಿನಲ್ಲಿ ಅವರ ಮನೆಯಿಂದ ಕುಸ್ವಾರ್ ತುಂಬಿದ ತಟ್ಟೆ ಕೆಳಗಿಳಿಯುತ್ತದೆ, ಚೌತಿಗೆ ನಮ್ಮ ಮನೆಯಿಂದ ಕಡುಬು ಮೇಲೆ ಹತ್ತುತ್ತದೆ. ಇಷ್ಟು ವರ್ಷವಾದರೂ ಅವರ ಮೇಜಿನ ಮೇಲಿನ ಆ ಹಸಿರು ಬಳೆಯಂಥ ವಸ್ತುವನ್ನು ನಾನು ಸರಿಯಾಗಿ ನೋಡಿರಲಿಲ್ಲ ಅಂದರೆ ನಂಬುತ್ತೀರಾ? ಪ್ಲಾಸ್ಟಿಕ್ ಎಲೆಗಳ ಒಂದು ಚಕ್ರ. ಅದರ ಮೇಲೆ ಮೂರು ನೇರಳೆ ಬಣ್ಣದ ಮೇಣದಬತ್ತಿ, ಒಂದು ಗುಲಾಬಿ ಬಣ್ಣದ್ದು, ನಡುವೆ ಬಿಳಿಯದು.

"ಕ್ರಿಸ್‌ಮಸ್ಸಿಗೆ ಇನ್ನೂ ತಿಂಗಳುಂಟಲ್ಲ ಬಾಯಮ್ಮ?"

"ಇದು ಕ್ರಿಸ್‌ಮಸ್ ಅಲ್ಲ ಭಟ್ರೆ, ಇದು ಕಾಯುವ ಹಬ್ಬ."

ಅವರು ಕಾಯುತ್ತಿದ್ದುದು ಏನನ್ನು ಅಂತ ಇಡೀ ಕಟ್ಟಡಕ್ಕೇ ಗೊತ್ತಿತ್ತು. ಒಬ್ಬನೇ ಮಗ ಸರಕಿನ ಹಡಗಿನಲ್ಲಿ ಇಂಜಿನಿಯರ್. 2019ರ ಸೆಪ್ಟೆಂಬರಿನಲ್ಲಿ ಹತ್ತಿದವನು, ಒಂಬತ್ತು ತಿಂಗಳ ಕರಾರು. ಬಂದರುಗಳೆಲ್ಲ ಮುಚ್ಚಿಕೊಂಡವು, ವಿಮಾನಗಳು ನಿಂತವು, ಇಳಿಯಲು ಯಾವ ದೇಶವೂ ಬಿಡಲಿಲ್ಲ. ಆ ವರ್ಷದ ಕೊನೆಗೆ ಹೀಗೆ ಕರಾರು ಮುಗಿದೂ ಹಡಗಿನಲ್ಲೇ ಉಳಿದ ನಾವಿಕರು ಲೋಕದಲ್ಲಿ ಸುಮಾರು 4 ಲಕ್ಷ ಮಂದಿ ಎಂದು ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಲೆಕ್ಕ ಹೇಳಿತ್ತು. ಆ 4 ಲಕ್ಷದಲ್ಲಿ ಒಬ್ಬ ನಮ್ಮ ಕಣ್ಣೆದುರೇ ಬೆಳೆದ ಹುಡುಗ.

ಬಾಯಮ್ಮ ಬತ್ತಿ ಹಚ್ಚಿದರು. ನಾನು ಕೆಳಗಿಳಿದು ಬಂದೆ. ಆದರೆ "ಕಾಯುವ ಹಬ್ಬ" ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮಲ್ಲಿ ಬರುವ ಹಬ್ಬ, ಹೋಗುವ ಹಬ್ಬ ಎಲ್ಲ ಇವೆ. ಕಾಯುವುದೇ ಹಬ್ಬವಾಗುವುದು ಹೇಗೆ? ಲಾಕ್‌ಡೌನಿನ ದಿನಗಳು, ನಿವೃತ್ತ ಮನುಷ್ಯ, ಮಾಡಲು ಬೇರೆ ಕೆಲಸವಿಲ್ಲ. ಹುಡುಕುತ್ತಾ ಹೋದೆ. ಆಮೇಲೂ ಬಿಡಲಿಲ್ಲ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಡ್ವೆಂಟ್ ಅಂದರೆ ಲ್ಯಾಟಿನ್ ಭಾಷೆಯ ಅಡ್ವೆಂಟುಸ್, ಬರುವಿಕೆ. ಕನ್ನಡ ಚರ್ಚುಗಳಲ್ಲಿ ಇದಕ್ಕೆ ಆಗಮನ ಕಾಲ ಅನ್ನುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿ. ಸಂಭ್ರಮದ್ದಲ್ಲ, ಸಿದ್ಧತೆಯದು. ಪಾದ್ರಿಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಮೂರನೆಯ ಭಾನುವಾರ ಮಾತ್ರ ಸ್ವಲ್ಪ ಸಂತೋಷಕ್ಕೆ ಅವಕಾಶ, ಅದಕ್ಕೇ ಆ ಗುಲಾಬಿ ಬತ್ತಿ. ಇದೆಲ್ಲ ಬಹಳ ಹಳೆಯ ಪದ್ಧತಿ. ಆದರೆ ಆ ಚಕ್ರ? ಅದೂ ಸಾವಿರಾರು ವರ್ಷ ಹಳೆಯದಿರಬೇಕು ಎಂದುಕೊಂಡಿದ್ದೆ. ಇಲ್ಲ. ಅದಕ್ಕೆ ಒಂದು ಊರಿದೆ, ಒಂದು ವರ್ಷವಿದೆ, ಮಾಡಿದವನ ಹೆಸರೂ ಇದೆ. ಊರು ಜರ್ಮನಿಯ ಹ್ಯಾಂಬರ್ಗ್, ವರ್ಷ 1839, ಮಾಡಿದವನು ಯೋಹಾನ್ ಹಿನ್ರಿಶ್ ವಿಶೆರ್ನ್.

ಈ ವಿಶೆರ್ನ್ 1808ರಲ್ಲಿ ಹ್ಯಾಂಬರ್ಗಿನಲ್ಲೇ ಹುಟ್ಟಿದವನು. ಹದಿನೈದನೆಯ ವಯಸ್ಸಿಗೆ ತಂದೆ ತೀರಿಕೊಂಡು, ಪಾಠ ಹೇಳಿ ಸಂಸಾರಕ್ಕೆ ದುಡಿಯಬೇಕಾಯಿತು. ಹೇಗೋ ಧರ್ಮಶಾಸ್ತ್ರ ಓದಿ ಊರಿಗೆ ಮರಳಿ, ಬಡವರ ಕೇರಿಯ ಭಾನುವಾರದ ಶಾಲೆಯಲ್ಲಿ ಮೇಷ್ಟರಾದ. ಪಾಠಕ್ಕೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆಗಳಿಗೆ ಹೋದಾಗ ಅವನಿಗೆ ಕಂಡದ್ದು ಬೇರೆಯೇ ಹ್ಯಾಂಬರ್ಗ್. ದೊಡ್ಡ ಬಂದರು, ಶ್ರೀಮಂತ ವ್ಯಾಪಾರಿಗಳು ಒಂದು ಕಡೆ. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಕುಡಿತ, ಕಾಯಿಲೆ, ಕಳ್ಳತನದ ನಡುವೆ ಬೆಳೆಯುವ ಮಕ್ಕಳು ಇನ್ನೊಂದು ಕಡೆ. ಮುಂಬಯಿಯಲ್ಲಿ ನಾಲ್ಕು ದಿನ ಇದ್ದವರಿಗೂ ಈ ಚಿತ್ರ ವಿವರಿಸಬೇಕಾಗಿಲ್ಲ.

1833ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಊರಾಚೆ ಹಾರ್ನ್ ಎಂಬಲ್ಲಿ ಒಂದು ಹಳೆಯ ಹುಲ್ಲುಮಾಡಿನ ಮನೆಯಲ್ಲಿ ಅವನು ಇಂಥ ಮಕ್ಕಳಿಗೆ ಆಸರೆ ತೆರೆದ. ಮನೆಯನ್ನು ಕೊಟ್ಟವನು ಕಾರ್ಲ್ ಸೀವೆಕಿಂಗ್ ಎಂಬ ಊರಿನ ಗಣ್ಯ. ಮನೆಯ ಹೆಸರು ರೌಹೆಸ್ ಹೌಸ್. ಪದಕ್ಕೆ ಪದ ಹೇಳಿದರೆ "ಒರಟು ಮನೆ". ಇದು ಹಿಂದಿದ್ದ ಮಾಲೀಕನ ಹೆಸರಿನ ಅಪಭ್ರಂಶ ಅಂತಲೂ ಹೇಳುತ್ತಾರೆ. ಏನೇ ಇರಲಿ, ಒರಟು ಹುಡುಗರಿಗೆ ಒರಟು ಮನೆ!

ಆಗೆಲ್ಲ ಪುಂಡ ಹುಡುಗರಿಗೆ ಇದ್ದ ಔಷಧ ಒಂದೇ, ಜೈಲಿನಂಥ ಸುಧಾರಣಾ ಗೃಹ. ವಿಶೆರ್ನ್ ಅದನ್ನು ತಲೆಕೆಳಗು ಮಾಡಿದ. ಅವನ ಮನೆಗೆ ಗೋಡೆಯಿಲ್ಲ, ಅಗುಳಿಯಿಲ್ಲ. ಒಳಗೆ ಬಂದ ಹುಡುಗನಿಗೆ ಮೊದಲ ದಿನವೇ ಹೇಳುವ ಮಾತು, ನಿನ್ನ ಹಿಂದಿನದ್ದೆಲ್ಲ ಕ್ಷಮಿಸಿ ಆಗಿದೆ, ಇನ್ನು ಅದರ ಮಾತು ಬೇಡ. ಹನ್ನೆರಡರ ಆಸುಪಾಸಿನ ಸಂಖ್ಯೆಯ ಮಕ್ಕಳ ಒಂದೊಂದು "ಕುಟುಂಬ", ಪ್ರತಿ ಕುಟುಂಬಕ್ಕೆ ಅಣ್ಣನಂತೆ ಒಬ್ಬ ಮೇಲ್ವಿಚಾರಕ. ಓದು, ತೋಟದ ಕೆಲಸ, ಬಡಗಿ ಕೆಲಸ. ಮಕ್ಕಳೇ ಕೈಹಚ್ಚಿ ಹೊಸ ಮನೆಗಳನ್ನು ಕಟ್ಟಿಕೊಂಡರು.

ಇಂಥ ಮನೆಯಲ್ಲಿ ಡಿಸೆಂಬರ್ ಬಂತು ಅಂದರೆ ಮಕ್ಕಳದ್ದು ಒಂದೇ ರಾಗ. "ಕ್ರಿಸ್‌ಮಸ್ ಯಾವಾಗ? ಇನ್ನು ಎಷ್ಟು ದಿನ?" ದೀಪಾವಳಿ ಎಷ್ಟು ದಿನ ಅಂತ ಅಮ್ಮನ ಸೆರಗು ಜಗ್ಗಿದ ನಮಗೆಲ್ಲ ಗೊತ್ತಿರುವ ರಾಗವೇ. ಆದರೆ ಒಂದು ವ್ಯತ್ಯಾಸವಿದೆ. ಈ ಮಕ್ಕಳಿಗೆ ದೊಡ್ಡವರು ಕೊಟ್ಟ ಯಾವ ಮಾತೂ ಅಲ್ಲಿಯವರೆಗೆ ನಡೆದಿರಲಿಲ್ಲ. "ನಾಳೆ" ಅನ್ನುವ ಪದದ ಮೇಲೇ ಅವರಿಗೆ ನಂಬಿಕೆ ಇರಲಿಲ್ಲ.

ವಿಶೆರ್ನ್ ಒಂದು ಹಳೆಯ ಬಂಡಿಯ ಚಕ್ರ ತಂದ. ಅದರ ಮೇಲೆ 4 ದೊಡ್ಡ ಬಿಳಿ ಮೇಣದಬತ್ತಿ, 20 ಸಣ್ಣ ಕೆಂಪು ಮೇಣದಬತ್ತಿ ನಿಲ್ಲಿಸಿ, ಪ್ರಾರ್ಥನೆಯ ಕೋಣೆಯಲ್ಲಿ ತೂಗುಹಾಕಿದ. ದಿನಕ್ಕೊಂದು ಸಣ್ಣ ಬತ್ತಿ, ಭಾನುವಾರ ದೊಡ್ಡ ಬತ್ತಿ. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವನು, ಕೈ ಸುಮ್ಮನಿರಲಿಲ್ಲ. ಆ ವರ್ಷದ ಕ್ಯಾಲೆಂಡರ್ ತಾಳೆ ನೋಡಿದೆ. 1839ರಲ್ಲಿ ಡಿಸೆಂಬರ್ 1 ಭಾನುವಾರ, ಅಡ್ವೆಂಟಿನ ಮೊದಲ ದಿನ. ಅಲ್ಲಿಂದ 24ನೇ ತಾರೀಖಿನವರೆಗೆ ಭಾನುವಾರಗಳು 4, ಉಳಿದ ದಿನಗಳು 20. ಲೆಕ್ಕ ಸರಿಯಾಗಿ ಕೂತಿತು!

ಹ್ಯಾಂಬರ್ಗ್ ಭೂಮಿಯ ಎಷ್ಟು ಉತ್ತರಕ್ಕಿದೆ ಅಂದರೆ, ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕಕ್ಕೆಲ್ಲ ಮುಳುಗುತ್ತಾನೆ. ದಿನದಿನಕ್ಕೂ ಹಗಲು ಕುಗ್ಗುತ್ತಾ ಹೋಗುತ್ತದೆ. ಹೊರಗೆ ಕತ್ತಲೆ ಬೆಳೆಯುತ್ತಿದ್ದರೆ, ಕೋಣೆಯೊಳಗೆ ಬೆಳಕು ದಿನಕ್ಕೊಂದು ಬತ್ತಿಯಷ್ಟು ಬೆಳೆಯುತ್ತದೆ. ಮಾತಿನ ಮೇಲೆ ನಂಬಿಕೆ ಕಳೆದುಕೊಂಡ ಹುಡುಗನಿಗೆ ಭರವಸೆಯನ್ನು ಎಣಿಸಿ ತೋರಿಸಬೇಕು. ವಿಶೆರ್ನ್ ಮಾಡಿದ್ದು ಅಷ್ಟೇ. ನಿನ್ನೆ ಒಂದು, ಇವತ್ತು ಎರಡು, ನಾಳೆ ಮೂರು ಅಂದ. ನಾಳೆ ಬಂತು, ಮೂರನೆಯದು ಹತ್ತಿತು.

ಚಕ್ರಕ್ಕೆ ಹಸಿರು ಸೊಪ್ಪು ಸುತ್ತಿದ್ದು ಸುಮಾರು 1860ರ ಹೊತ್ತಿಗೆ. ಆ ಮನೆಯಲ್ಲಿ ತರಬೇತಾದವರು ಹೋದ ಊರಿಗೆಲ್ಲ ಚಕ್ರ ಹೋಯಿತು. ಸಣ್ಣ ಮನೆಗಳಲ್ಲಿ 24 ಬತ್ತಿಗೆ ಜಾಗವೆಲ್ಲಿ? ಅದು ನಾಲ್ಕಕ್ಕೆ ಇಳಿಯಿತು. ವಿಶೆರ್ನ್ ಪ್ರಾಟೆಸ್ಟೆಂಟ್, ಹಾಗಾಗಿ ಕ್ಯಾಥೊಲಿಕರು ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಅವರ ಚರ್ಚುಗಳಿಗೆ ಇದು ಬಂದದ್ದು 1920ರ ದಶಕದಲ್ಲಿ. ಅಲ್ಲಿಂದ ಸಾಗರಗಳನ್ನು ದಾಟಿ ಮಲಾಡಿನ ಮೂರನೇ ಮಹಡಿಗೆ ಬಂತು ನೋಡಿ.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖವಾಗಿರುತ್ತಿತ್ತು. ಆದರೆ ಇತಿಹಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅಗುಳಿಯಿಲ್ಲದ ಮನೆ ಕಟ್ಟಿದ ಇದೇ ವಿಶೆರ್ನ್ ಮುಂದೆ ಪ್ರಶ್ಯದ ರಾಜನ ಕರೆಯ ಮೇಲೆ ಬಂದೀಖಾನೆಗಳ ಸುಧಾರಣೆಗೆ ಹೋದ. ಬರ್ಲಿನ್ನಿನ ಮೋಆಬಿಟ್ ಎಂಬಲ್ಲಿನ ಹೊಸ ಜೈಲಿಗೆ 1856ರಿಂದ ರೌಹೆಸ್ ಹೌಸಿನ ತರಬೇತಿ ಪಡೆದವರೇ ಕಾವಲಿಗೆ ಬಂದರು. ಅಲ್ಲಿನ ಪದ್ಧತಿ ಏಕಾಂತ ಸೆರೆ. ಒಬ್ಬ ಕೈದಿಗೆ ಒಂದು ಕೋಣೆ, ಇನ್ನೊಬ್ಬನ ಮುಖ ಕಾಣುವಂತಿಲ್ಲ. ಒಂಟಿಯಾಗಿ ಕೂತರೆ ಮನುಷ್ಯ ತನ್ನ ಪಾಪ ತಾನೇ ನೆನೆದು ಒಳ್ಳೆಯವನಾಗುತ್ತಾನೆ ಎಂಬ ನಂಬಿಕೆ ಆ ಕಾಲದ್ದು. ವಿಶೆರ್ನನೂ ಅದನ್ನು ಬಲವಾಗಿ ನಂಬಿದ್ದ. ಒಳ್ಳೆಯ ಮನುಷ್ಯರ ಒಳ್ಳೆಯ ಉದ್ದೇಶಗಳು ಯಾರ ಕೈಗೆ ಹೋಗುತ್ತವೆ ಅಂತ ಮುಂಚೆ ಹೇಳಲಾಗದು. 1944ರಲ್ಲಿ ಗೆಸ್ಟಾಪೊ ಹಿಟ್ಲರನ ವಿರೋಧಿಗಳನ್ನು ಕೂಡಿಹಾಕಿದ್ದು ಅದೇ ಮೋಆಬಿಟ್ ಜೈಲಿನ ಕೋಣೆಗಳಲ್ಲಿ. ಅಲ್ಲಿದ್ದವರಲ್ಲಿ ಒಬ್ಬ ಕ್ಲಾಸ್ ಬಾನ್‌ಹೋಫರ್. 1945ರ ಏಪ್ರಿಲ್ 22ರ ರಾತ್ರಿ ಹೊರಗೆ ಕರೆದೊಯ್ದು ಗುಂಡಿಟ್ಟು ಕೊಂದರು.

ನಾನು ಹೇಳಬೇಕೆಂದಿರುವುದು ಅವನ ತಮ್ಮ ಡೀಟ್ರಿಶ್ ಬಾನ್‌ಹೋಫರನ ಕಥೆ. ಹುಟ್ಟಿದ್ದು 1906ರಲ್ಲಿ, ಪ್ರಾಟೆಸ್ಟೆಂಟ್ ಪಾದ್ರಿ, ವಿದ್ವಾಂಸ. ಹಿಟ್ಲರ್ ಅಧಿಕಾರಕ್ಕೆ ಬಂದ ದಿನಗಳಿಂದಲೇ ವಿರೋಧಿಸಿದವನು. ನಮ್ಮ ದೇಶದೊಂದಿಗೆ ಅವನದ್ದೊಂದು ನಂಟು ಇದೆ. ಗಾಂಧೀಜಿಯ ಜೊತೆ ಇದ್ದು ಅಹಿಂಸೆಯ ದಾರಿ ಕಲಿಯಬೇಕೆಂದು ಅವನಿಗೆ ಬಹಳ ಆಸೆಯಿತ್ತು. ಬರೆದ, ಗಾಂಧೀಜಿ 1934ರ ನವೆಂಬರ್ 1ರಂದು ಉತ್ತರ ಬರೆದು, ಬಂದು ತಮ್ಮೊಡನೆ ಇರುವಂತೆ ಕರೆದರು. ಅಷ್ಟರಲ್ಲಿ ಫಿಂಕನ್‌ವಾಲ್ಡ್ ಎಂಬಲ್ಲಿ ಪಾದ್ರಿಗಳ ಪಾಠಶಾಲೆ ನಡೆಸುವ ಹೊಣೆ ತಲೆಗೆ ಬಂತು, ಭಾರತ ಯಾತ್ರೆ ನಿಂತೇಹೋಯಿತು. ಆ ಪಾಠಶಾಲೆಯನ್ನೂ 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು.

1943ರ ಜನವರಿಯಲ್ಲಿ ಮಾರಿಯಾ ಎಂಬ ಹುಡುಗಿಯೊಂದಿಗೆ ಅವನ ಮದುವೆ ನಿಶ್ಚಯವಾಯಿತು. ಏಪ್ರಿಲ್ 5ಕ್ಕೆ ಬಂಧನ. ಯಹೂದಿಗಳ ಒಂದು ಸಣ್ಣ ಗುಂಪನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಿದ ವ್ಯವಹಾರದ ಜಾಡು ಹಿಡಿದು ಪೊಲೀಸರು ಬಂದಿದ್ದರು. ಬರ್ಲಿನ್ನಿನ ಟೇಗೆಲ್ ಜೈಲಿನ 92ನೇ ನಂಬರಿನ ಕೋಣೆ ಅವನ ಮನೆಯಾಯಿತು. ಅದೇ ಜುಲೈನಲ್ಲಿ ಹ್ಯಾಂಬರ್ಗಿನ ಮೇಲೆ ಬಾಂಬು ಸುರಿದು ರೌಹೆಸ್ ಹೌಸಿನ ಬಹುಪಾಲು ಕಟ್ಟಡಗಳು ನೆಲಸಮವಾದವು. ಚಕ್ರ ಹುಟ್ಟಿದ ಮನೆ ಹೋಯಿತು. ಚಕ್ರ ಮಾತ್ರ ಉಳಿಯಿತು. ಎಲ್ಲಿ ಅಂತೀರಾ?

1943ರ ನವೆಂಬರ್ 28, ಅಡ್ವೆಂಟಿನ ಮೊದಲ ಭಾನುವಾರ. ಆ ವಾರವೆಲ್ಲ ಬರ್ಲಿನ್ ಮೇಲೆ ಬಾಂಬಿನ ಮಳೆ. ಆ ಬೆಳಿಗ್ಗೆ ಬಾನ್‌ಹೋಫರ್ ತನ್ನ ಕೋಣೆಯಲ್ಲಿ ಒಬ್ಬನೇ ಪ್ರಾರ್ಥನೆ ನಡೆಸಿ, ಗೋಡೆಯ ಒಂದು ಮೊಳೆಗೆ ಅಡ್ವೆಂಟಿನ ಹಸಿರು ಚಕ್ರವನ್ನು ತೂಗುಹಾಕಿದ. ಅದರ ನಡುವೆ ಇಟಲಿಯ ಲಿಪ್ಪಿ ಬರೆದ ಯೇಸು ಜನನದ ಒಂದು ಚಿತ್ರ ಸಿಕ್ಕಿಸಿದ. ಇದನ್ನು ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಬೆಟ್ಗೆ ಈ ಪತ್ರಗಳನ್ನು ಜತನವಾಗಿಟ್ಟು ಯುದ್ಧದ ನಂತರ ಪುಸ್ತಕ ಮಾಡಿದ್ದರಿಂದ ಇವತ್ತು ನಾವು ಓದಬಹುದು.

ಅದಕ್ಕೆ ಒಂದು ವಾರ ಹಿಂದಿನ ಪತ್ರದಲ್ಲಿ ಇನ್ನೊಂದು ಮಾತಿದೆ, ನಾನು ಅದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನನ್ನ ಮಾತಿನಲ್ಲಿ ಹೇಳುವುದಾದರೆ, ಜೈಲಿನ ಕೋಣೆಗೂ ಅಡ್ವೆಂಟಿಗೂ ಹೋಲಿಕೆ ಚೆನ್ನಾಗಿ ಹೊಂದುತ್ತದೆ ಅನ್ನುತ್ತಾನೆ ಅವನು. ಒಳಗಿದ್ದವನು ಕಾಯುತ್ತಾನೆ, ಆಶಿಸುತ್ತಾನೆ, ಅದೂ ಇದೂ ಕೆಲಸ ಮಾಡಿಕೊಳ್ಳುತ್ತಾನೆ, ಅವ್ಯಾವುದರಿಂದಲೂ ಏನೂ ಆಗುವುದಿಲ್ಲ. ಬಾಗಿಲಿಗೆ ಬೀಗ ಬಿದ್ದಿದೆ. ಅದನ್ನು ಹೊರಗಿನಿಂದ ಮಾತ್ರ ತೆಗೆಯಬಹುದು.

ವಿಶೆರ್ನನ ಹುಡುಗರದ್ದು ಎಣಿಸಬಹುದಾದ ಕಾಯುವಿಕೆ, 24 ಬತ್ತಿ ಮುಗಿದರೆ ಹಬ್ಬ. ಬಾನ್‌ಹೋಫರನದ್ದು ಎಣಿಕೆಗೆ ಸಿಗದ್ದು. ವಿಚಾರಣೆ ನಾಳೆ, ನಾಡಿದ್ದು, ಮುಂದಿನ ತಿಂಗಳು ಅಂತ ಮುಂದೆ ಹೋಗುತ್ತಲೇ ಇತ್ತು. ಹಾಗಂತ ಅವನು ಕೈಕಟ್ಟಿ ಕೂರಲಿಲ್ಲ. ಆ ಕ್ರಿಸ್‌ಮಸ್ಸಿಗೆ ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದು ಹಂಚಿದ. ಬಾಗಿಲು ತೆಗೆಯುವುದು ತನ್ನ ಕೈಯಲ್ಲಿಲ್ಲ, ಆದರೆ ಪಕ್ಕದ ಕೋಣೆಯವನಿಗೆ ನಾಲ್ಕು ಸಾಲು ಬರೆಯುವುದು ತನ್ನ ಕೈಯಲ್ಲೇ ಇದೆಯಲ್ಲ!

ಮುಂದಿನ ವರ್ಷ, 1944ರ ಅಡ್ವೆಂಟಿಗೆ, ಅದೇ ಟೇಗೆಲ್ ಜೈಲಿನಲ್ಲಿ ಬೇರೊಬ್ಬನಿದ್ದ. ಆಲ್ಫ್ರೆಡ್ ಡೆಲ್ಪ್, ಕ್ಯಾಥೊಲಿಕ್ ಯೇಸುಸಭೆಯ ಪಾದ್ರಿ, ವಯಸ್ಸು 37. ಹಿಟ್ಲರ್ ಹೋದ ಮೇಲೆ ಜರ್ಮನಿಯನ್ನು ಹೇಗೆ ಕಟ್ಟಬೇಕೆಂದು ಗುಟ್ಟಾಗಿ ಚರ್ಚಿಸುತ್ತಿದ್ದ ಕ್ರೈಸೌ ಬಳಗದವನು. ಜುಲೈ 28ರಂದು ಮ್ಯೂನಿಕ್ಕಿನಲ್ಲಿ ಬೆಳಗಿನ ಪೂಜೆ ಮುಗಿಸಿದಾಗ ಹಿಡಿದಿದ್ದರು. ಹಗಲೂ ರಾತ್ರಿ ಕೈಕೋಳ. ಆ ಕೈಗಳಲ್ಲೇ ಚೀಟಿಗಳ ಮೇಲೆ ಅಡ್ವೆಂಟಿನ ಬಗ್ಗೆ ಧ್ಯಾನದ ಬರಹಗಳನ್ನು ಬರೆದ. ಒಗೆಯಲು ಕೊಡುವ ಬಟ್ಟೆಗಳ ಜೊತೆ ಅವನ್ನು ಹೊರಗೆ ಸಾಗಿಸಿದವರು ಇಬ್ಬರು ಹೆಂಗಸರು, ಇಬ್ಬರ ಹೆಸರೂ ಮರಿಯಾನೆ. ಹಾಗಾಗಿ ಅವು ಉಳಿದವು. ಅಡ್ವೆಂಟ್ ಅಂದರೆ ಮುದ್ದಾದ ಬತ್ತಿ ಬೆಳಕಲ್ಲ, ಮನುಷ್ಯನನ್ನು ಬುಡಸಹಿತ ಅಲುಗಾಡಿಸಿ ಎಚ್ಚರಿಸುವ ಕಾಲ ಎನ್ನುವುದು ಅವನ ವಾದ. ಯೇಸುಸಭೆ ಬಿಟ್ಟರೆ ಪ್ರಾಣ ಉಳಿಯುತ್ತದೆ ಎಂಬ ಆಮಿಷ ಬಂದಾಗ ಒಲ್ಲೆ ಅಂದ. ಬದಲಿಗೆ ಡಿಸೆಂಬರ್ 8ರಂದು, ಅಡ್ವೆಂಟಿನ ನಡುವೆ, ಜೈಲಿನಲ್ಲೇ ಸಭೆಯ ಅಂತಿಮ ಪ್ರತಿಜ್ಞೆ ಸ್ವೀಕರಿಸಿದ. ಇವತ್ತೋ ನಾಳೆಯೋ ಗಲ್ಲಿಗೇರುವವನು ಜೀವನವಿಡೀ ಪಾಲಿಸುವ ಪ್ರತಿಜ್ಞೆ ಮಾಡುವುದು ಅಂದರೆ ಏನು ಯೋಚಿಸಿ.

ಬಾಗಿಲು ತೆರೆಯಿತೇ?

ಇಲ್ಲ. ಡೆಲ್ಪನನ್ನು 1945ರ ಫೆಬ್ರವರಿ 2ರಂದು ಪ್ಲೋಟ್ಸೆನ್‌ಜೀ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವನಿಗೆ ಶಿಕ್ಷೆ ವಿಧಿಸಿದ ನ್ಯಾಯಾಧೀಶ ಫ್ರೈಸ್ಲರ್ ಮರುದಿನವೇ ಬಾಂಬ್ ದಾಳಿಯಲ್ಲಿ ಸತ್ತ. ಬಾನ್‌ಹೋಫರನನ್ನು ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಅಮೆರಿಕದ ಸೈನ್ಯ ಆ ಶಿಬಿರದ ಬಾಗಿಲು ತೆರೆದದ್ದು ಏಪ್ರಿಲ್ 23ಕ್ಕೆ. ಬರೀ 14 ದಿನ.

ಇಲ್ಲಿ ಬಂದು ನಾನು ಸಿಕ್ಕಿಕೊಂಡೆ. ಬಾಗಿಲು ತೆರೆಯದಿದ್ದರೆ ಇವರ ಭರವಸೆ ಸುಳ್ಳಾಯಿತೇ? ಬಾಯಮ್ಮನ ಮೇಜಿನ ಬತ್ತಿಯೂ ಸುಳ್ಳೇ? ನಾನು ಪೂಜೆ ಪುನಸ್ಕಾರದಲ್ಲೂ ಅಷ್ಟಕ್ಕಷ್ಟೇ, ಈ ಪ್ರಶ್ನೆಗೆ ಧರ್ಮದ ಉತ್ತರ ಕೊಡಲು ಯೋಗ್ಯನಲ್ಲ. ಆದರೆ ಸಹಾಯಕ್ಕೆ ಬಂದದ್ದು ನಮ್ಮ ಕನ್ನಡವೇ. ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ಪ್ರೀತಿಗಳ ಜೊತೆ ಬರುವ ಮೂರನೆಯ ಪದಕ್ಕೆ ಆಸೆ ಎಂದು ಬಳಸಿಲ್ಲ, "ನಿರೀಕ್ಷೆ" ಎಂದು ಬಳಸಿದ್ದಾರೆ. ಆಸೆಯಲ್ಲಿ ಬೇಕು ಅನ್ನುವುದಿದೆ. ನಿರೀಕ್ಷೆಯಲ್ಲಿ ನೋಡುವುದಿದೆ, ಈಕ್ಷಿಸುವುದು ಅಂದರೆ ನೋಡುವುದೇ ತಾನೆ. ಬಾಗಿಲ ಕಡೆಗೆ ಮುಖ ಮಾಡಿ ಕೂರುವುದು. ಬಾಗಿಲು ತೆರೆಯುವುದು ಬಿಡುವುದು ಹೊರಗಿನವರ ಕೈಯಲ್ಲಿ, ಮುಖ ಯಾವ ಕಡೆಗಿರಬೇಕು ಎನ್ನುವುದು ಒಳಗಿನವನ ಕೈಯಲ್ಲಿ. ಬಾನ್‌ಹೋಫರ್ ಮೊಳೆಗೆ ಚಕ್ರ ನೇತುಹಾಕಿದ್ದು ಬಿಡುಗಡೆಯ ಹರಕೆಗಲ್ಲ, ಮುಖ ತಿರುಗಿಸದೇ ಇರುವುದಕ್ಕೆ. ನನಗೆ ಅರ್ಥವಾದದ್ದು ಇಷ್ಟು. ತಪ್ಪಿದ್ದರೆ ತಿಳಿದವರು ತಿದ್ದಿ.

ಮತ್ತೆ ಮಲಾಡಿಗೆ ಬರುತ್ತೇನೆ. ಎರಡನೇ ಬತ್ತಿ ಹತ್ತಿತು, ಮೂರನೆಯ ಗುಲಾಬಿ ಬತ್ತಿ ಹತ್ತಿತು. ಹಡಗು ಯಾವುದೋ ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು, ಇಳಿಯಲು ಅಪ್ಪಣೆಯಿಲ್ಲ. ಡಿಸೆಂಬರ್ 22ರಿಂದ ಮಹಾರಾಷ್ಟ್ರದ ನಗರಗಳಲ್ಲಿ ರಾತ್ರಿ ಕರ್ಫ್ಯೂ ಬಂತು, ನಡುರಾತ್ರಿಯ ಪೂಜೆಯೂ ಇಲ್ಲ. 24ರ ರಾತ್ರಿ ಬಾಯಮ್ಮ ಬಿಳಿ ಬತ್ತಿ ಹಚ್ಚುವಾಗ ನಾನೂ ನನ್ನಾಕೆಯೂ ಮಾಸ್ಕು ಹಾಕಿಕೊಂಡು ಅವರ ಬಾಗಿಲಲ್ಲಿ ನಿಂತಿದ್ದೆವು. ಯಾರೂ ಏನೂ ಮಾತಾಡಲಿಲ್ಲ. ಕುಸ್ವಾರಿನ ತಟ್ಟೆ ಆ ವರ್ಷವೂ ಕೆಳಗೆ ಬಂತು.

ಹಬ್ಬ ಮುಗಿದು ಎಲ್ಲರೂ ನಕ್ಷತ್ರ, ಗೋದಲಿ ಎಲ್ಲ ಇಳಿಸಿದರು. ಬಾಯಮ್ಮ ಚಕ್ರ ಮಾತ್ರ ತೆಗೆಯಲಿಲ್ಲ. "ಚರ್ಚಿನ ಲೆಕ್ಕದಲ್ಲಿ ತಪ್ಪು ಭಟ್ರೆ, ಗೊತ್ತುಂಟು. ನನ್ನ ಅಡ್ವೆಂಟ್ ಇನ್ನೂ ಮುಗಿಲಿಲ್ಲ, ಎಂತ ಮಾಡುದು?"

2021ರ ಫೆಬ್ರವರಿ ಮಧ್ಯದಲ್ಲಿ ಹುಡುಗ ಬಂದ. ಹದಿನೇಳು ತಿಂಗಳು ನೆಲದ ಮೇಲೆ ಸರಿಯಾಗಿ ಕಾಲಿಡದವನು, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಕೊಂಡೇ ಹೋದ. ಆ ರಾತ್ರಿ ಮೇಲಿನಿಂದ ಕರೆ ಬಂತು. ಹೋಗಿ ನೋಡಿದರೆ ಮೇಜಿನ ಮೇಲೆ ಮೋಟು ಮೋಟಾದ ಐದೂ ಬತ್ತಿಗಳು ಒಟ್ಟಿಗೆ ಉರಿಯುತ್ತಿದ್ದವು. ಡಬ್ಬಿಯ ತಳದಲ್ಲಿ ಮಗನಿಗೆಂದು ಎತ್ತಿಟ್ಟ ಕಿಡಿಯೋ ಸ್ವಲ್ಪ ಮೆತ್ತಗಾಗಿತ್ತು. ಅವನು ಒಂದೂ ಬಿಡದೆ ತಿಂದ.

ಅಂದಿನಿಂದ ನಮ್ಮ ಮನೆಯಲ್ಲಿ ನವೆಂಬರ್ ಕೊನೆಯ ವಾರ ಬಂತು ಅಂದರೆ ನನ್ನಾಕೆ ಮರೆಯದೆ ಒಂದು ಕೆಲಸ ಮಾಡುತ್ತಾಳೆ. ಒಂದು ಹೊಸ ಬೆಂಕಿಪೊಟ್ಟಣ ತಂದಿಡುತ್ತಾಳೆ.